ತಲೆಯೊಳಗಿನ ಮಣ್ಣು: ಮೆದುಳು, ಮಾತು ಮತ್ತು ನಾವು

ವಾಡಿಯ ಆಸುಪಾಸಿನ ಹಳ್ಳಿಗಳಲ್ಲಿ ಸಾಲಿ ಕಲಿತ ನಮಗೆಲ್ಲ ಒಂದು ಮಾತು ಬಾಯಿಪಾಠವಾಗಿದೆ. ಮಗ್ಗಿ ತಪ್ಪಿದರೆ, ಒತ್ತಕ್ಷರ ತಪ್ಪಿದರೆ, 'ಹ'ಕಾರ 'ಅ'ಕಾರ ಅದಲುಬದಲಾದರೆ ಆ ಮಾತು ಬೀಳುತ್ತಿತ್ತು: "ನಿನ್ನ ತಲ್ಯಾಗ ಬರೀ ಮಣ್ಣ ತುಂಬ್ಯಾದೇನಲೇ?" ಈ ಬೈಗುಳ ಎಲ್ಲ ಮಕ್ಕಳಿಗೂ ಬೀಳುತ್ತಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಗೌಡರ ಮಗನಿಗೆ ಬಿದ್ದದ್ದು ಅವತ್ತಿನ ಸಂಜೆಗೆ ಮುಗಿದು ಹೋಗುತ್ತಿತ್ತು. ನಮಗೆ ಬಿದ್ದದ್ದಕ್ಕೆ ಒಂದು ಬಾಲ ಇರುತ್ತಿತ್ತು: "ನಿಮ್ಮ ಮಂದಿ ತಲಿಗೆ ಅಕ್ಷರ ಹತ್ತೂದಿಲ್ಲ ಬಿಡು." ಅವನ ತಪ್ಪು ಅವನೊಬ್ಬನದು. ನಮ್ಮ ತಪ್ಪು ಇಡೀ ಕೇರಿಯದು.

ವರ್ಷಕ್ಕೊಮ್ಮೆ ಸ್ಕಾಲರ್‌ಶಿಪ್ ಅರ್ಜಿ ತುಂಬುವ ದಿನ ಬರುತ್ತಿತ್ತು. "ಎಸ್.ಸಿ. ಹುಡುಗ್ರೆಲ್ಲ ಎದ್ದು ನಿಲ್ರಿ" ಅಂತ ಕೂಗುತ್ತಿದ್ದರು. ನಾವು ಎದ್ದು ನಿಲ್ಲುತ್ತಿದ್ದೆವು. ಕುಳಿತವರು ನಮ್ಮನ್ನು ತಿರುಗಿ ನೋಡುತ್ತಿದ್ದರು. ಆ ದಿನ ಅದರ ಮುಂದಿನ ಗಣಿತದ ತಾಸಿನಲ್ಲಿ ಬರುತ್ತಿದ್ದ ಲೆಕ್ಕವೂ ನಮಗೆ ಬರುತ್ತಿರಲಿಲ್ಲ. ಯಾಕೆ ಬರುತ್ತಿರಲಿಲ್ಲ ಅನ್ನುವುದು ಆಗ ತಿಳಿದಿರಲಿಲ್ಲ. ಮಾಸ್ತರರ ಮಾತೇ ಖರೆ ಇರಬೇಕು, ತಲೆಯಲ್ಲಿ ಮಣ್ಣೇ ಇರಬೇಕು ಅಂದುಕೊಂಡೆವು. ನಮ್ಮ ಜೊತೆ ಕೂತ ಎಷ್ಟೋ ಹುಡುಗರು ಅದನ್ನೇ ನಂಬಿ ಪರ್ಸಿ ಕಲ್ಲಿನ ಖಣಿಗೆ, ಸಿಮೆಂಟ್ ಫ್ಯಾಕ್ಟರಿಯ ಗುತ್ತಿಗೆ ಕೂಲಿಗೆ ಹೋಗಿಬಿಟ್ಟರು.

ತಲೆಯೊಳಗೆ ನಿಜಕ್ಕೂ ಏನಿದೆ? ಅದನ್ನು ಯಾರು ಯಾವಾಗ ನೋಡಿದರು? ನೋಡಿದವರು ಏನು ಹೇಳಿದರು, ಅದರಲ್ಲಿ ಖರೆ ಎಷ್ಟು, ಸುಳ್ಳೆಷ್ಟು? ಇದು ಡಾಕ್ಟರರಿಗೆ ಮಾತ್ರ ಸಂಬಂಧಪಟ್ಟ ಪ್ರಶ್ನೆ ಅಂತ ಬಿಟ್ಟುಕೊಡುವಂತಿಲ್ಲ. ನಮ್ಮ ತಲೆಯ ಬಗ್ಗೆ ಬೇರೆಯವರು ಬರೆದ ಚರಿತ್ರೆಯನ್ನು ನಾವೇ ಒಮ್ಮೆ ಓದಬೇಕಾಗಿದೆ.

*

ಮೊದಲು ನಮ್ಮ ನೆಲದ ಶಾಸ್ತ್ರ ನೋಡೋಣ. ಋಗ್ವೇದದ ಪುರುಷಸೂಕ್ತ ಸಮಾಜವನ್ನು ಒಂದು ಮೈಯಾಗಿ ಕಲ್ಪಿಸಿತು. ಬ್ರಾಹ್ಮಣ ಅದರ ಬಾಯಿ, ಕ್ಷತ್ರಿಯ ತೋಳು, ವೈಶ್ಯ ತೊಡೆ, ಶೂದ್ರ ಪಾದದಿಂದ ಹುಟ್ಟಿದವನು. ಐದನೆಯವನಿಗೆ ಆ ಮೈಯಲ್ಲಿ ಜಾಗವೇ ಇಲ್ಲ. ಮಾತು ಯಾರದು, ದುಡಿಮೆ ಯಾರದು ಎಂಬ ಹಂಚಿಕೆ ಅಲ್ಲಿಗೇ ಮುಗಿಯಿತು.

ಗೌತಮ ಧರ್ಮಸೂತ್ರ ಇನ್ನೂ ಮುಂದೆ ಹೋಯಿತು. ವೇದ ಕೇಳಿಸಿಕೊಂಡ ಶೂದ್ರನ ಕಿವಿಗೆ ಕಾಯಿಸಿದ ಲೋಹ, ಅರಗು ಸುರಿಯಬೇಕು. ಉಚ್ಚರಿಸಿದರೆ ನಾಲಗೆ ಕತ್ತರಿಸಬೇಕು. ನೆನಪಿನಲ್ಲಿ ಇಟ್ಟುಕೊಂಡರೆ ಮೈ ಸೀಳಬೇಕು. ಕೇಳುವುದು, ಆಡುವುದು, ನೆನಪಿಡುವುದು ಎಂದು ಭಾಷೆ ನಿಂತಿರುವುದೇ ಈ ಮೂರರ ಮೇಲೆ. ಬರೆದವರು ಬಲು ಲೆಕ್ಕ ಹಾಕಿಯೇ ಶಿಕ್ಷೆ ಬರೆದಿದ್ದಾರೆ.

ಆದರೆ ಇಲ್ಲೊಂದು ಗುಟ್ಟು ಅವರ ಕೈಯಿಂದಲೇ ಜಾರಿ ಬಿದ್ದಿದೆ. ಕೋಣ ವೇದ ಕೇಳಬಾರದು ಅಂತ ಯಾರೂ ಕಟ್ಟಳೆ ಬರೆಯಲಿಲ್ಲ. ಕೇಳಿದರೂ ಅದಕ್ಕೆ ಹತ್ತುವುದಿಲ್ಲ ಅಂತ ಗೊತ್ತು. ಶೂದ್ರನಿಗೆ ಕಟ್ಟಳೆ ಬೇಕಾಯಿತು, ಅದೂ 'ನೆನಪಿಟ್ಟುಕೊಂಡರೆ' ಎಂಬ ಕಟ್ಟಳೆ. ಅವನಿಗೆ ಕೇಳಿದ್ದು ತಿಳಿಯುತ್ತದೆ, ತಿಳಿದದ್ದು ಉಳಿಯುತ್ತದೆ ಎಂಬುದು ಬರೆದವರಿಗೆ ಚೆನ್ನಾಗಿ ಗೊತ್ತಿತ್ತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಅಮೆರಿಕೆಯ ದಕ್ಷಿಣ ಕೆರೊಲಿನಾದಲ್ಲಿ 1740ರಲ್ಲಿ ಗುಲಾಮರಿಗೆ ಬರೆಯಲು ಕಲಿಸುವವರಿಗೆ ದಂಡ ಹಾಕುವ ಕಾಯಿದೆ ಮಾಡಿದರು. ಅಲ್ಲಿಯ ಧಣಿಗಳೂ ಕರಿಯರ ತಲೆಗೆ ಅಕ್ಷರ ಹತ್ತುವುದಿಲ್ಲ ಅಂತಲೇ ಹೇಳುತ್ತಿದ್ದರು. ಹತ್ತದ ಅಕ್ಷರಕ್ಕೆ ದಂಡ ಯಾಕೆ?

*

ಇನ್ನು ವಿಜ್ಞಾನದ ಚರಿತ್ರೆಗೆ ಬರೋಣ. ಇದು ದೊಡ್ಡ ದೊಡ್ಡ ಡಾಕ್ಟರರ ಹೆಸರಿನಲ್ಲಿ ಬರೆದ ಚರಿತ್ರೆ. ಆದರೆ ಆ ಡಾಕ್ಟರರ ಮೇಜಿನ ಮೇಲೆ ಇದ್ದದ್ದು ಯಾರ ತಲೆ?

ಮೊದಲನೆಯ ತಲೆ ರೈಲು ಹಳಿಯ ದುಡಿಮೆಗಾರನದು. 1848ರ ಸೆಪ್ಟೆಂಬರ್ 13, ಅಮೆರಿಕೆಯ ವರ್ಮಾಂಟ್ ಸೀಮೆ. ಫಿನಿಯಾಸ್ ಗೇಜ್ ಎಂಬ ಇಪ್ಪತ್ತೈದು ವರ್ಷದ ಮೇಸ್ತ್ರಿ ಹಳಿ ಹಾಸಲು ಬಂಡೆ ಒಡೆಸುತ್ತಿದ್ದ. ಬಂಡೆಗೆ ತೂತು ಕೊರೆದು, ಮದ್ದು ತುಂಬಿ, ಕಬ್ಬಿಣದ ಸಲಾಕೆಯಿಂದ ಗಿಡಿಯುವ ಕೆಲಸ. ಶಹಾಬಾದ, ವಾಡಿ, ಚಿತ್ತಾಪುರದ ಖಣಿಗಳ ಮಂದಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮದ್ದು ಸಿಡಿಯಿತು. ಮೂರೂವರೆ ಅಡಿ ಮೀರಿದ ಉದ್ದದ, ಆರು ಕಿಲೋ ತೂಕದ ಸಲಾಕೆ ಅವನ ಎಡಗೆನ್ನೆಯಡಿ ಹೊಕ್ಕು ನೆತ್ತಿಯಿಂದ ಹೊರಬಿತ್ತು. ಆದರೂ ಅವನು ಸಾಯಲಿಲ್ಲ. ಕೆಲವೇ ನಿಮಿಷಗಳಲ್ಲಿ ಮಾತಾಡಿದ. ಆದರೆ ಗಾಯ ಮಾಯ್ದ ಮೇಲೆ ಅವನ ನಡವಳಿಕೆ ಬದಲಾಯಿತು. ಸೈರಣೆ ಹೋಯಿತು, ಬೈಗುಳ ಬಂತು, ಅವನು ಮೊದಲಿನ ಗೇಜ್ ಅಲ್ಲ ಎಂದು ಗೆಳೆಯರು ಹೇಳಿದ್ದನ್ನು ಅವನನ್ನು ನೋಡಿದ ಡಾಕ್ಟರ್ ಹಾರ್ಲೊ ಬರೆದಿಟ್ಟ. ಮೆದುಳಿನ ಮುಂಭಾಗಕ್ಕೂ ಮನುಷ್ಯನ ನಡತೆಗೂ ನಂಟು ಇದೆ ಎಂಬ ಚರ್ಚೆಗೆ ಈ ಪ್ರಕರಣ ದೊಡ್ಡ ಆಧಾರವಾಯಿತು. ಮುಂದಿನ ಸಂಗತಿಯನ್ನು ಬಹಳ ಮಂದಿ ಹೇಳುವುದಿಲ್ಲ. ಅದೇ ಗೇಜ್ ಚಿಲಿ ದೇಶಕ್ಕೆ ಹೋಗಿ ಹಲವು ವರ್ಷ ಕುದುರೆಗಾಡಿ ಹೊಡೆದು ಬದುಕಿದ. ಒಡೆದ ಮೆದುಳೂ ದುಡಿಯುತ್ತ ದುಡಿಯುತ್ತ ಮತ್ತೆ ದಾರಿ ಕಂಡುಕೊಂಡಿತ್ತು.

ಅದೇ 1848ರಲ್ಲಿ ಪುಣೆಯಲ್ಲಿ ಜೋತಿಬಾ ಫುಲೆ ಹುಡುಗಿಯರಿಗೆ ಶಾಲೆ ತೆರೆದರು, ಸಾವಿತ್ರಿಬಾಯಿ ಕಲಿಸಲು ನಿಂತರು. ದಾರಿಯಲ್ಲಿ ಸೆಗಣಿ ತೂರಿದವರಿಗೆ ಮೆದುಳಿನ ಶಾಸ್ತ್ರ ಗೊತ್ತಿರಲಿಲ್ಲ. ಗೊತ್ತಿದ್ದರೂ ತೂರುತ್ತಿದ್ದರು.

ಎರಡನೆಯ ತಲೆ ಚಪ್ಪಲಿಯ ಕಸುಬಿಗೆ ಸೇರಿದ್ದು. ಪ್ಯಾರಿಸಿನ ಬಿಸೆತ್ರ್ ಆಸ್ಪತ್ರೆಯಲ್ಲಿ ಲೆಬೋರ್ನ್ ಎಂಬವನು 21 ವರ್ಷ ಬಿದ್ದಿದ್ದ. ಏನು ಕೇಳಿದರೂ 'ತಾನ್, ತಾನ್' ಅಂತಷ್ಟೇ ಅನ್ನುತ್ತಿದ್ದ. ಆದರೆ ಕೇಳಿದ್ದು ಅವನಿಗೆ ಬಹುಮಟ್ಟಿಗೆ ತಿಳಿಯುತ್ತಿತ್ತು. ಎಷ್ಟು ವರ್ಷದಿಂದ ಇಲ್ಲಿದ್ದೀಯ ಅಂದರೆ ಬೆರಳೆಣಿಸಿ ತೋರಿಸುತ್ತಿದ್ದ. 1861ರ ಏಪ್ರಿಲ್ 17ರಂದು ಅವನು ಸತ್ತ. ಪಾಲ್ ಬ್ರೊಕಾ ಎಂಬ ಶಸ್ತ್ರವೈದ್ಯ ಅವನ ಮೆದುಳು ತೆಗೆದು ನೋಡಿದ. ಎಡಭಾಗದ ಹಣೆಯ ಹಿಂದಿನ ಒಂದು ಮಡಿಕೆ ಕೆಟ್ಟುಹೋಗಿತ್ತು. ಮಾತು ಹೊರಡಿಸುವುದಕ್ಕೆ ಬೇಕಾದ ಜಾಗ ಇದು ಎಂದು ಬ್ರೊಕಾ ಹೇಳಿದ. ಇಂದಿಗೂ ಅದನ್ನು ಬ್ರೊಕಾನ ಪ್ರದೇಶ ಅಂತಲೇ ಕರೆಯುತ್ತಾರೆ.

ನೋಡಿದವನ ಹೆಸರು ಉಳಿಯಿತು. ತಲೆ ಕೊಟ್ಟವನು 150 ವರ್ಷ ಪುಸ್ತಕಗಳಲ್ಲಿ ಬರೀ 'ತಾನ್' ಆಗಿದ್ದ. ಸಿಡುಕ, ದ್ವೇಷಿ, ಕಳ್ಳನೆಂದು ಜೊತೆಯ ರೋಗಿಗಳು ದೂರುತ್ತಿದ್ದವ ಎಂದಷ್ಟೇ ದಾಖಲೆ ಹೇಳುತ್ತಿತ್ತು. 2013ರಲ್ಲಿ ಪೋಲೆಂಡಿನ ಇತಿಹಾಸಕಾರ ದೊಮಾನ್‌ಸ್ಕಿ ಹಳೆಯ ಕಡತ ಹುಡುಕಿ ಅವನ ಪೂರ್ತಿ ಹೆಸರು, ಊರು ಬೆಳಕಿಗೆ ತಂದ. ಲೂಯಿ ವಿಕ್ತರ್ ಲೆಬೋರ್ನ್, ಸಾಲಿ ಮಾಸ್ತರರ ಮಗ, ಬೂಟು ಹೊಲಿಯುವವರಿಗೆ ಬೇಕಾಗುವ ಕಟ್ಟಿಗೆಯ ಅಚ್ಚು ಕೆತ್ತುವ ಕಸುಬುದಾರ. ನಮ್ಮ ಕಡೆ ಅಚ್ಚಿಗೆ ತೊಗಲು ಏರಿಸಿ ಹೊಲಿಯುವ ಕೈಗಳಿಗೆ ಅವನು ದೂರದವನಲ್ಲ.

ಮೂರನೆಯ ತಲೆ ಮಣ್ಣು ಅಗೆಯುವವನದು. ಅದೇ ವರ್ಷ ಅದೇ ಆಸ್ಪತ್ರೆಯಲ್ಲಿ ಲೆಲಾಂಗ್ ಎಂಬ 84ರ ಮುದುಕ ಸತ್ತ. ಹರೆಯವೆಲ್ಲ ಮಣ್ಣು ಅಗೆಯುವ ಕೂಲಿಯಲ್ಲಿ ಕಳೆದವನು. ಕೊನೆಗೆ ಅವನಲ್ಲಿ ಉಳಿದಿದ್ದದ್ದು ಐದೇ ಮಾತು: ಹೌದು, ಇಲ್ಲ, ಮೂರು, ಯಾವಾಗಲೂ, ಮತ್ತು ಅರೆಬರೆಯಾದ ತನ್ನ ಹೆಸರು. ಅವನ ಮೆದುಳಿನಲ್ಲೂ ಅದೇ ಜಾಗ ಕೆಟ್ಟಿತ್ತು. ಒಂದು ಕಡೆ ಸಿಕ್ಕಿದ್ದು ಎರಡನೇ ಕಡೆಯೂ ಸಿಕ್ಕಿದ್ದರಿಂದ ಜಗತ್ತು ಕಿವಿಗೊಟ್ಟಿತು.

1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಇನ್ನೊಂದು ಜಾಗ ತೋರಿಸಿದ. ಎಡಗಿವಿಯ ಮೇಲೆ ತುಸು ಹಿಂದಿರುವ ಭಾಗ ಕೆಟ್ಟರೆ ಮಾತು ಸರಾಗವಾಗಿ ಹರಿಯುತ್ತದೆ, ಆದರೆ ಅರ್ಥ ಇರುವುದಿಲ್ಲ. ಬೇರೆಯವರು ಆಡಿದ್ದೂ ತಿಳಿಯುವುದಿಲ್ಲ. ಎರಡು ಜಾಗಗಳ ನಡುವೆ ನರದ ಹಾದಿ ಇದೆ, ಮಾತು ಹಾದಿಯ ಮೇಲೆ ಓಡಾಡುತ್ತದೆ ಅಂತ ಅವನು ಹೇಳಿದ. ಅದೇ 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ರೈಲು ಓಡತೊಡಗಿತು. ಮುಂಬಯಿ-ಮದರಾಸಿನ ಹಳಿಯ ಮೇಲಿದ್ದ ವಾಡಿ ಜಂಕ್ಷನ್ ಆಯಿತು. ಇಂದಿನ ವಿಜ್ಞಾನ ವೆರ್ನಿಕೆಯನ್ನೂ ದಾಟಿದೆ. ಮಾತು ಒಂದೆರಡು ಜಾಗದಲ್ಲಿ ಕೂತಿಲ್ಲ. ಮೆದುಳಿನ ಹಲವು ಭಾಗ ಕೂಡಿದ ಜಾಲದಲ್ಲಿ ಅದು ನಡೆಯುತ್ತದೆ. ವಾಡಿಯ ಟೇಸನ್ನಿನಲ್ಲಿ ನಿಂತು ನೋಡಿದವನಿಗೆ ಇದು ತಟ್ಟನೆ ತಿಳಿಯುತ್ತದೆ. ಟೇಸನ್ ಅಂದರೆ ಕಟ್ಟಡ ಒಂದೇ ಅಲ್ಲ, ಎಲ್ಲ ದಿಕ್ಕಿನಿಂದ ಬಂದು ಕೂಡುವ ಹಳಿಗಳೂ ಸೇರಿ ಟೇಸನ್.

*

ಇಲ್ಲಿಯವರೆಗೆ ಬ್ರೊಕಾನನ್ನು ಮೆಚ್ಚಿದೆವು. ಅವನ ಇನ್ನೊಂದು ಮುಖವನ್ನೂ ಹೇಳಬೇಕು. ಮಾತಿನ ಜಾಗ ಕಂಡ ಅದೇ ಬ್ರೊಕಾ ತಲೆಬುರುಡೆ ಅಳೆಯುವ ಶಾಸ್ತ್ರದ ದೊಡ್ಡ ಗುರು. ಗಂಡಸಿನ ಮೆದುಳು ಹೆಂಗಸಿನದಕ್ಕಿಂತ, ದೊಡ್ಡವರ ಮೆದುಳು ಸಾಮಾನ್ಯರದಕ್ಕಿಂತ, 'ಮೇಲಿನ' ಜನಾಂಗದ್ದು 'ಕೆಳಗಿನ' ಜನಾಂಗದ್ದಕ್ಕಿಂತ ದೊಡ್ಡದು ಎಂದು ಅವನು ನಂಬಿದ್ದ. ತೂಕವೇ ಬುದ್ಧಿ ಆಗಿದ್ದರೆ ಏನಾಗಬೇಕಿತ್ತು? ರಷ್ಯದ ಕಾದಂಬರಿಕಾರ ತುರ್ಗೆನೆವ್‌ನ ಮೆದುಳು 2 ಕಿಲೋ ಮೀರಿತ್ತು. ನೊಬೆಲ್ ಪಡೆದ ಫ್ರೆಂಚ್ ಲೇಖಕ ಅನತೋಲ್ ಫ್ರಾನ್ಸನದು 1 ಕಿಲೋಗೆ ತುಸು ಹೆಚ್ಚು, ಅಷ್ಟೇ. ತಕ್ಕಡಿ ಹಿಡಿದು ಸಾಹಿತ್ಯ ವಿಮರ್ಶೆ ಮಾಡಲು ಬರುವುದಿಲ್ಲ.

ಈ ಅಳತೆಪಟ್ಟಿ ಹಡಗು ಹತ್ತಿ ನಮ್ಮ ದೇಶಕ್ಕೂ ಬಂತು. ಹರ್ಬರ್ಟ್ ರಿಸ್ಲಿ ಎಂಬ ಅಧಿಕಾರಿ ಬಂಗಾಳದಲ್ಲಿ ಜಾತಿವಾರು ಜನರ ಮೂಗು, ತಲೆ ಅಳೆದು 1891ರಲ್ಲಿ ಪುಸ್ತಕ ಮಾಡಿದ. ಮೂಗು ಅಗಲವಾದಷ್ಟೂ ಜಾತಿ ಕೆಳಗೆ ಅನ್ನುವುದು ಅವನ ಸಿದ್ಧಾಂತ. ಅವನೇ 1901ರ ಜನಗಣತಿಯ ಮುಖ್ಯಸ್ಥನಾದ. ಮದರಾಸಿನ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಎಡ್ಗರ್ ಥರ್ಸ್ಟನ್ ದಕ್ಷಿಣದ ಜನರನ್ನು ಅಳೆದ. 1909ರಲ್ಲಿ ಅವನ ಏಳು ಸಂಪುಟ ಬಂದವು. ಪುರುಷಸೂಕ್ತ ಮಂತ್ರದಲ್ಲಿ ಹೇಳಿದ್ದನ್ನು ಇವರು ಮಿಲಿಮೀಟರಿನಲ್ಲಿ ಹೇಳಿದರು. ನಮ್ಮ ಮೇಲುಜಾತಿಯ ಪಂಡಿತರಿಗೆ ಅದು ಬಹಳ ಹಿತವಾಯಿತು.

ಇದಕ್ಕೆ ಉತ್ತರ ಕೊಟ್ಟವರು ಬಾಬಾಸಾಹೇಬರು. ಜಾತಿ ಎನ್ನುವುದು ಜನಾಂಗದ ವಿಂಗಡಣೆ ಅಲ್ಲ, ಒಂದೇ ಜನಾಂಗದೊಳಗೆ ಮಾಡಿದ ಸಾಮಾಜಿಕ ವಿಂಗಡಣೆ ಎಂದು 1936ರ 'ಜಾತಿ ವಿನಾಶ'ದಲ್ಲಿ ಹೇಳಿದರು. 1948ರ 'ಅಸ್ಪೃಶ್ಯರು' ಗ್ರಂಥದಲ್ಲಿ ಇನ್ನೂ ಮುಂದೆ ಹೋಗಿ ಅದೇ ಮೂಗಿನ ಅಳತೆಗಳನ್ನೇ ಕೈಗೆತ್ತಿಕೊಂಡರು. ಬ್ರಾಹ್ಮಣರ ಅಂಕಿ, ಅಸ್ಪೃಶ್ಯರ ಅಂಕಿ ಪಕ್ಕಪಕ್ಕ ಇಟ್ಟು, ನಿಮ್ಮ ಅಳತೆ ಖರೆ ಅಂತಾದರೆ ಇಬ್ಬರೂ ಒಂದೇ ಜನಾಂಗದವರೆಂದು ತೋರಿಸಿದರು. ಶತ್ರುವಿನ ಅಳತೆಪಟ್ಟಿಯಿಂದಲೇ ಶತ್ರುವಿನ ವಾದವನ್ನು ಅಳೆದು ಗಿಡ್ಡ ಮಾಡಿದ ಈ ವಿಧಾನವನ್ನು ನಮ್ಮ ಹುಡುಗರು ಕಲಿಯಬೇಕು.

*

ಈಗ ನಮ್ಮ ವಾಡಿಯ ಮಾತು. ಇಲ್ಲಿಯ ಹಮಾಲನೊಬ್ಬನನ್ನು ಒಂದು ತಾಸು ಗಮನಿಸಿ. ಮನೆಯಲ್ಲಿ ಕನ್ನಡ, ಗಿರಾಕಿಯ ಜೊತೆ ದಖನಿ, ಸಿಕಂದರಾಬಾದಿನಿಂದ ಇಳಿದವರ ಜೊತೆ ತೆಲುಗು, ಸೊಲ್ಲಾಪುರದವರ ಜೊತೆ ಮರಾಠಿ, ತಾಂಡಾದ ಗೆಳೆಯನ ಜೊತೆ ನಾಲ್ಕು ಮಾತು ಲಂಬಾಣಿ. ಅವನ ಜೇಬಿನಲ್ಲಿ ಒಂದು ಸರ್ಟಿಫಿಕೇಟೂ ಇಲ್ಲ. ಅವನನ್ನು 'ಅವಿದ್ಯಾವಂತ' ಅಂತ ಬರೆದುಕೊಳ್ಳುತ್ತಾರೆ.

ಇಂಥವರ ಮೆದುಳಿನ ಬಗ್ಗೆ ಹೈದರಾಬಾದಿನಲ್ಲೇ ಅಧ್ಯಯನ ನಡೆದಿದೆ. ಅಲ್ಲಿಯ ನಿಜಾಮ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮರೆವಿನ ರೋಗಕ್ಕೆ ಬಂದ 648 ಜನರ ದಾಖಲೆ ನೋಡಿ 2013ರಲ್ಲಿ ಪ್ರಕಟಿಸಿದರು. ಎರಡು ಅಥವಾ ಹೆಚ್ಚು ಭಾಷೆ ಆಡುವವರಿಗೆ ಆ ರೋಗ ಒಂದೇ ಭಾಷೆಯವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು. ಸಾಲಿಯ ಮುಖ ನೋಡದವರಲ್ಲೂ ಈ ಲಾಭ ಕಂಡಿತು. 2016ರಲ್ಲಿ ಪಾರ್ಶ್ವವಾಯು ಹೊಡೆದ 608 ಜನರನ್ನು ನೋಡಿದರು. ಬುದ್ಧಿಶಕ್ತಿ ಕುಂದದೆ ಉಳಿದವರು ಬಹುಭಾಷಿಕರಲ್ಲಿ ನೂರಕ್ಕೆ 40ರಷ್ಟು, ಏಕಭಾಷಿಕರಲ್ಲಿ 20ರಷ್ಟು. ಎಲ್ಲ ದೇಶಗಳ ಅಧ್ಯಯನಗಳೂ ಇದೇ ಫಲ ಕೊಟ್ಟಿಲ್ಲ, ಚರ್ಚೆ ನಡೆದಿದೆ, ಅದನ್ನೂ ಹೇಳಬೇಕು. ಆದರೆ ಪ್ಲಾಟ್‌ಫಾರ್ಮಿನ ಮೇಲೆ ಕಲಿತ ಭಾಷೆಯೂ ಭಾಷೆಯೇ, ಅದೂ ಮೆದುಳಿಗೆ ಕಸುವು ಕೊಡಬಲ್ಲದು ಎಂಬುದನ್ನು ಇನ್ನು ತಳ್ಳಿಹಾಕುವಂತಿಲ್ಲ.

ಇದು ನಮ್ಮ ಸೀಮೆಗೆ ಹೊಸ ಮಾತೂ ಅಲ್ಲ. ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ. ಅಲ್ಲಿ ಸುಮಾರು ಕ್ರಿ.ಶ. 850ರಲ್ಲಿ ಹುಟ್ಟಿದ 'ಕವಿರಾಜಮಾರ್ಗ' ಈ ನಾಡಿನ ಜನ ಓದದೆಯೂ ಕಾವ್ಯ ಬಲ್ಲವರು ಎಂದು ಒಪ್ಪಿಕೊಂಡಿದೆ. ಅರಮನೆಯಲ್ಲಿ ಕೂತು ಬರೆದವನೂ ಓದುವುದೇ ಬೇರೆ, ಬುದ್ಧಿಯೇ ಬೇರೆ ಎಂದು ಕಂಡಿದ್ದ. ಮುಂದೆ ಹನ್ನೆರಡನೆಯ ಶತಮಾನದಲ್ಲಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಉರಿಲಿಂಗಪೆದ್ದಿ ಬಾಯಿ ತೆರೆದಾಗ ಆ ಮಾತಿಗೆ ಸಾಕ್ಷಿಯೂ ಸಿಕ್ಕಿತು.

ಹಾಗಂತ ಅಕ್ಷರ ಬೇಡವೆನ್ನುವವರು ನಾವಲ್ಲ. ಅಕ್ಷರ ಮೆದುಳನ್ನೇ ಬದಲಿಸುತ್ತದೆ. ಉತ್ತರ ಪ್ರದೇಶದ ಲಖನೌ ಬಳಿಯ ಹಳ್ಳಿಗಳಲ್ಲಿ ಓದಲು ಬಾರದ ದೊಡ್ಡವರಿಗೆ ಆರು ತಿಂಗಳು ದೇವನಾಗರಿ ಕಲಿಸಿ, ಮೊದಲು ಮತ್ತು ನಂತರ ಅವರ ಮೆದುಳಿನ ಚಿತ್ರ ತೆಗೆದರು. ಹೆಚ್ಚಿನವರು ಹೆಂಗಸರು, ಸುಮಾರು ಮೂವತ್ತು ವರ್ಷದ ಆಸುಪಾಸಿನವರು. 2017ರಲ್ಲಿ ಪ್ರಕಟವಾದ ಫಲ ಹೀಗಿತ್ತು: ಕಣ್ಣಿನ ಸುದ್ದಿ ಹಾಯ್ದುಹೋಗುವ ಮೆದುಳಿನ ಆಳದ ಭಾಗಗಳೂ ನೋಟದ ಭಾಗವೂ ಮೊದಲಿಗಿಂತ ಹೆಚ್ಚು ಹೊಂದಿಕೊಂಡು ಕೆಲಸ ಮಾಡತೊಡಗಿದ್ದವು. ಹೊಲದ ಕೆಲಸ ಮುಗಿಸಿ ಬಂದು ಬಳಪ ಹಿಡಿದ ಅವ್ವಂದಿರ ತಲೆಯಲ್ಲಿ ಆರೇ ತಿಂಗಳಲ್ಲಿ ಹೊಸ ಹಾದಿ ಬಿದ್ದಿತ್ತು. 'ತಲೆಗೆ ಹತ್ತುವುದಿಲ್ಲ' ಎಂಬ ಮಾತನ್ನು ಇನ್ನು ಎಲ್ಲಿ ಇಡೋಣ?

*

ಆದರೆ ತಲೆ ಸರಿಯಿದ್ದರೂ ಲೆಕ್ಕ ತಪ್ಪುವುದಿದೆ. ನಮ್ಮ ಸ್ಕಾಲರ್‌ಶಿಪ್ ದಿನದ ಗುಟ್ಟು ಎಷ್ಟೋ ವರ್ಷದ ಮೇಲೆ ತಿಳಿಯಿತು. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಇಬ್ಬರು ಸಂಶೋಧಕಿಯರು ಉತ್ತರ ಪ್ರದೇಶದ ಹಳ್ಳಿ ಹುಡುಗರಿಗೆ ಸುತ್ತುದಾರಿಯ ಒಗಟು ಬಿಡಿಸಲು ಕೊಟ್ಟರು. ಮೇಲುಜಾತಿಯವರು 321, ಕೆಳಜಾತಿಯವರು 321. ಯಾರ ಜಾತಿಯನ್ನೂ ಹೇಳದೆ ಕೊಟ್ಟಾಗ ಇಬ್ಬರ ನಡುವೆ ಎಣಿಸುವಂಥ ಅಂತರವಿರಲಿಲ್ಲ. ಎಲ್ಲರ ಎದುರು ಹೆಸರಿನ ಜೊತೆ ಜಾತಿಯನ್ನೂ ಓದಿ ಹೇಳಿ ಕೊಟ್ಟಾಗ ಕೆಳಜಾತಿಯ ಹುಡುಗರು ಬಿಡಿಸಿದ ಒಗಟು ಸುಮಾರು ಐದರಲ್ಲಿ ಒಂದು ಪಾಲು ಕಡಿಮೆಯಾಯಿತು. ಒಗಟು ಅದೇ ಬಗೆಯದು, ತಲೆಗಳೂ ಅಂಥವೇ. ನಡುವೆ ಬಂದದ್ದು ಒಂದು ಕೂಗು ಮಾತ್ರ. 2004ರಲ್ಲಿ ಈ ವರದಿ ಬಂತು. ಓದಿದಾಗ ನಾವು ಸ್ವಲ್ಪ ಹೊತ್ತು ಸುಮ್ಮನೆ ಕೂತೆವು.

ಇನ್ನೊಂದು ಸಂಗತಿ ಹೊಟ್ಟೆಯದು. ಮೆದುಳು ಮೈತೂಕದಲ್ಲಿ ನೂರಕ್ಕೆ ಎರಡು ಪಾಲು. ಆದರೆ ಮೈಯ ಶಕ್ತಿಯಲ್ಲಿ ನೂರಕ್ಕೆ ಸುಮಾರು ಇಪ್ಪತ್ತು ಪಾಲು ಅದಕ್ಕೇ ಬೇಕು, ಬೆಳೆಯುವ ಮಕ್ಕಳಲ್ಲಿ ಇನ್ನೂ ಹೆಚ್ಚು. ಕಬ್ಬಿಣಾಂಶ, ಅಯೋಡಿನ್, ಪ್ರೋಟೀನು ಕಡಿಮೆಯಾದರೆ ಗಮನ, ನೆನಪು, ಕಲಿಕೆ ಎಲ್ಲ ಕುಗ್ಗುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಅಕ್ಷರ ದಾಸೋಹದ ಬಿಸಿಯೂಟ 2002ರಲ್ಲಿ ಮೊದಲು ಶುರುವಾದದ್ದು ಕಲಬುರಗಿಯೂ ಸೇರಿದ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ. 2021ರ ಡಿಸೆಂಬರಿನಲ್ಲಿ ನಮ್ಮ ಕಡೆಯ ಮಕ್ಕಳಿಗೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಬೇಡವೆಂದು ಬೀದಿಗೆ ಬಂದರು. ಕೊಪ್ಪಳ ಜಿಲ್ಲೆಯ ಶಾಲೆಯ ಹುಡುಗಿಯೊಬ್ಬಳು ಎದ್ದು ನಿಂತು, ನಮಗೆ ಮೊಟ್ಟೆ ಬೇಕು ಎಂದು ಖಡಾಖಂಡಿತವಾಗಿ ಹೇಳಿದಳು. ಒಬ್ಬರ ಮಡಿಗಾಗಿ ಇನ್ನೊಬ್ಬರ ಮಕ್ಕಳ ಮೆದುಳು ಸೊರಗಬೇಕೆ? ಕಿವಿಗೆ ಕಾದ ಲೋಹ ಸುರಿಯುವ ಕಾಲ ಹೋಯಿತು ಅಂತೀರಿ. ತಟ್ಟೆಯಿಂದ ಮೊಟ್ಟೆ ಕಸಿಯುವುದು ಯಾವ ಕಾಲದ್ದು?

*

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳಿನ ಸಂಗ್ರಹಾಲಯವಿದೆ. ಅಲ್ಲಿ ಶಾಲೆಯ ಮಕ್ಕಳು ಮನುಷ್ಯನ ಮೆದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಮುಟ್ಟಬೇಡ ಅನ್ನುವವರಿಲ್ಲ. ಒಂದೂಕಾಲು ಒಂದೂವರೆ ಕಿಲೋದ, ಮಡಿಕೆ ಮಡಿಕೆಯಾದ ಒಂದು ವಸ್ತು. ಇದು ಯಾವ ಕೇರಿಯದು ಅಂತ ಹೇಳಬಲ್ಲ ಡಾಕ್ಟರ್ ಈ ಭೂಮಿಯ ಮೇಲೆ ಇಲ್ಲ. ವಾಡಿಯ ಮಕ್ಕಳೂ ಒಮ್ಮೆ ಅಲ್ಲಿಗೆ ಹೋಗಿ ಬರಲಿ.

ಹಳ್ಳಿಯ ಮಾಸ್ತರ ಗೆಳೆಯರೇ, ನಿಮ್ಮಲ್ಲಿ ಬಹಳ ಮಂದಿ ನಮ್ಮ ಕೇರಿಗಳಿಂದಲೇ ಬಂದವರು. ಸ್ಕಾಲರ್‌ಶಿಪ್ ಅರ್ಜಿಯನ್ನು ಮಕ್ಕಳಿಗೆ ಒಬ್ಬೊಬ್ಬರಿಗೇ ಕರೆದು ಕೊಡಿ, ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಬೇಡಿ. ತಾಂಡಾದ ಮಗು ಲಂಬಾಣಿಯಲ್ಲಿ ಉತ್ತರ ಹೇಳಿದರೆ ಮೊದಲು ಉತ್ತರ ಸರಿಯಿದೆಯೋ ನೋಡಿ, ಆಮೇಲೆ ಕನ್ನಡ ಮಾಡಿಸಿ. 'ಹ'ಕಾರ ತಪ್ಪಿದ್ದಕ್ಕೆ ಕುಲ ಎತ್ತಬೇಡಿ. ಮಗು ಬೆಳಿಗ್ಗೆ ಉಂಡು ಬಂದಿದೆಯೋ ಇಲ್ಲವೋ ಕೇಳಿ, ಮಗ್ಗಿ ಆಮೇಲೆ ಕೇಳಿ. ಇದಕ್ಕೆ ಯಾವ ಸರಕಾರಿ ಸುತ್ತೋಲೆಯೂ ಬೇಕಾಗಿಲ್ಲ.

ವಿದ್ಯಾರ್ಥಿ ಗೆಳೆಯರೇ, ನಾಳೆ ಯಾರಾದರೂ ನಿಮ್ಮ ಎದುರು 'ಮೆರಿಟ್' ಎಂಬ ಮಾತು ಎತ್ತಿದರೆ ಸಿಟ್ಟಿಗೇಳುವ ಮೊದಲು ಈ ಚರಿತ್ರೆ ಹೇಳಿ. 'ತಲ್ಯಾಗ ಮಣ್ಣು' ಅಂದವರಿಗೆ ಲೆಲಾಂಗನ ಹೆಸರು ಹೇಳಿ. ಬದುಕಿಡೀ ಮಣ್ಣು ಅಗೆದ ಆ ಕೂಲಿಯವನ ತಲೆಯನ್ನು ನೋಡಿಯೇ ದೊಡ್ಡ ದೊಡ್ಡ ಡಾಕ್ಟರರು ಮನುಷ್ಯನ ಮಾತು ಎಲ್ಲಿದೆ ಅಂತ ಕಲಿತದ್ದು.